ಲೆಕ್ಕ ಹೇಳುವ ಪುಟ

ಮಳೆಗಾಲ ಕಳೆದು ಅಡಿಕೆಯ ಕೊಯ್ಲು ಮೊದಲಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಯಂಗಳಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ಹಿಂದೆ ಈ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವವರ ಮಾತು, ನಗೆ, ಕಥೆಗಳು ನಡುರಾತ್ರಿಯವರೆಗೂ ಕೇಳಿಬರುತ್ತಿದ್ದುವು. ಈಗ ಅನೇಕ ಅಂಗಳಗಳಲ್ಲಿ ಆ ಸ್ಥಾನವನ್ನು ಸುಲಿಯುವ ಯಂತ್ರದ ಸದ್ದು ಆಕ್ರಮಿಸಿದೆ. ಕಥೆ ಹೇಳುವವರಿಲ್ಲವೆಂದು ಹಿರಿಯರು ಕೊರಗುವುದುಂಟು. ಆದರೆ ಸುಲಿಯುವ ಕೈಗಳೇ ಸಾಲದಾಗಿರುವಾಗ ಯಂತ್ರವನ್ನು ಹಳಿದು ಪ್ರಯೋಜನವಿಲ್ಲ. ಕೊಯ್ದ ಹಸಿ ಅಡಿಕೆಯನ್ನು ಬಹಳ ದಿನ ಇಡುವಂತಿಲ್ಲ. ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಬಿಸಿಲಿಗೆ ಹರಡಬೇಕು. ಹೀಗಿರುವಾಗ ಕೊಯ್ಲಿನ ನಟ್ಟನಡುವೆ ಯಂತ್ರದ ಒಂದು ಬೋಲ್ಟು ಕಡಿದರೆ, ಒಂದು ಗೇರಿನ ಹಲ್ಲು ಮುರಿದರೆ, ಇಡೀ ಮನೆಯ ಕೆಲಸವೇ ನಿಂತುಹೋಗುತ್ತದೆ.

ಆಗ ಜನರು ಮುರಿದ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ಲೇತ್ ಅಂಗಡಿಗೆ ಧಾವಿಸುತ್ತಾರೆ. ಶರಾವತಿಯ ಹಿನ್ನೀರಿನಾಚೆಯ ತುಮರಿಯ ಕಡೆಯವರಿಗೆ ಇದು ಸಣ್ಣ ಪ್ರಯಾಣವಾಗಿರಲಿಲ್ಲ. 2025ರ ಜುಲೈ ತಿಂಗಳಿನಲ್ಲಿ ಸೇತುವೆ ತೆರೆಯುವವರೆಗೆ, ದಶಕಗಳ ಕಾಲ, ಸಾಗರಕ್ಕೆ ಬರುವ ಹತ್ತಿರದ ದಾರಿಯೆಂದರೆ ಹೊಳೆಬಾಗಿಲಿನ ಲಾಂಚೇ ಆಗಿತ್ತು. ಮಾಡಿಸಿಕೊಂಡು ಹೋದ ಭಾಗ ಮನೆಯಲ್ಲಿ ಕೂರದಿದ್ದರೆ ಮತ್ತೆ ಲಾಂಚು, ಮತ್ತೆ ಒಂದು ದಿನ. ಲೇತಿನ ಮುಂದೆ ನಿಂತ ಮೇಸ್ತ್ರಿಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಅದರ ಬೆಲೆ ಏನೆಂಬುದು ಆ ದಡದವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಅಂಗಡಿಗಳಲ್ಲಿ ಲೆಕ್ಕವು ಎಲ್ಲಿರುತ್ತದೆ? ಬಹುಮಟ್ಟಿಗೆ ಮೇಸ್ತ್ರಿಯ ತಲೆಯಲ್ಲಿ. ಉಳಿದದ್ದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಎಣ್ಣೆಯ ಬೆರಳ ಗುರುತು ಹತ್ತಿದ ಒಂದು ಡೈರಿಯಲ್ಲಿ, ಯಂತ್ರದ ಬಾಗಿಲಿಗೆ ಹೊಡೆದ ಹಿತ್ತಾಳೆಯ ತಗಡಿನಲ್ಲಿ. ತಗಡಿನ ಅಕ್ಷರಗಳು ಸವೆಯುತ್ತವೆ, ಡೈರಿ ಕಳೆಯುತ್ತದೆ, ಮೇಸ್ತ್ರಿಗೆ ವಯಸ್ಸಾಗುತ್ತದೆ. ಈ ಲೆಕ್ಕಗಳನ್ನು ಬ್ರೌಸರಿನಲ್ಲಿ ತೆರೆಯುವ ಒಂದು ಪುಟವನ್ನಾಗಿ ಮಾಡಿ, ಕೇಳಿದಾಗಲೆಲ್ಲ ಉತ್ತರ ಹೇಳುವಂತೆ ಏರ್ಪಡಿಸುವ ವಿದ್ಯೆಯು ಇತ್ತೀಚಿನ ದಶಕಗಳಲ್ಲಿ ಬೆಳೆದು ಬಂದಿದೆ. ಸಣ್ಣ ಅಂಗಡಿಯವರಿಗೂ, ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಏನಾದರೊಂದನ್ನು ಕಡೆಯುತ್ತಿರುವ ಹವ್ಯಾಸಿಗಳಿಗೂ ಇದು ಒದಗುವ ಉಪಕರಣ. ಅದು ಹೇಗೆ ಕೆಲಸಮಾಡುತ್ತದೆ, ಅದನ್ನು ಕಟ್ಟುವವನು ಏನೇನನ್ನು ಬಲ್ಲವನಾಗಿರಬೇಕು ಎಂಬುದನ್ನು ನೋಡೋಣ.

ತಿರುಪಿಗೂ ಲೆಕ್ಕದ ಯಂತ್ರಕ್ಕೂ ಇರುವ ನಂಟು ಹೊಸದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಎಂಬ ಕುಶಲಿಯು, ಗೇರುಗಳನ್ನು ಬದಲಿಸಿ ಬೇಕಾದ ಅಳತೆಯ ತಿರುಪನ್ನು ಕೊರೆಯಬಲ್ಲ ಲೇತ್ ಯಂತ್ರವನ್ನು ರೂಪಿಸಿದನು. ಅವನ ಕಾರ್ಖಾನೆಯಲ್ಲಿ ದುಡಿದವರಲ್ಲಿ ಜೋಸೆಫ್ ಕ್ಲೆಮೆಂಟ್ ಒಬ್ಬನು. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು, ಮುದ್ರಿತವಾದ ಗಣಿತದ ಕೋಷ್ಟಕಗಳಲ್ಲಿ ತುಂಬಿದ್ದ ತಪ್ಪುಗಳಿಂದ ಬೇಸತ್ತು, ಕೋಷ್ಟಕಗಳನ್ನು ತಾನಾಗಿಯೇ ಲೆಕ್ಕಹಾಕುವ ಯಂತ್ರವೊಂದನ್ನು 1820ರ ದಶಕದಲ್ಲಿ ಮಾಡಿಸಹೊರಟಾಗ, ಅದರ ಭಾಗಗಳನ್ನು ಕಡೆದುಕೊಡಲು ಆರಿಸಿಕೊಂಡದ್ದು ಈ ಕ್ಲೆಮೆಂಟನನ್ನು. ಹಣದ ವಿಷಯದಲ್ಲಿ ಇಬ್ಬರಿಗೂ ಜಗಳವಾಗಿ 1833ರಲ್ಲಿ ಕೆಲಸ ನಿಂತುಹೋಯಿತು. ಯಂತ್ರವು ಪೂರ್ಣವಾಗಲೇ ಇಲ್ಲ. ಆದರೆ ಕ್ಲೆಮೆಂಟನ ಅಂಗಡಿಯಲ್ಲಿ ಕೆಲಸ ಕಲಿತಿದ್ದ ಜೋಸೆಫ್ ವಿಟ್ವರ್ತನು 1841ರಲ್ಲಿ ತಿರುಪಿನ ಅಳತೆಗಳಿಗೆಲ್ಲ ಒಂದೇ ಕ್ರಮವಿರಬೇಕೆಂದು ಸೂಚಿಸಿದನು. ಒಂದು ಊರಿನ ಬೋಲ್ಟಿಗೆ ಇನ್ನೊಂದು ಊರಿನ ನಟ್ಟು ಹೊಂದುವ ಇಂದಿನ ಸೌಕರ್ಯಕ್ಕೆ ಅಡಿಗಲ್ಲು ಬಿದ್ದುದು ಹೀಗೆ. ಲೆಕ್ಕ ಮಾಡುವ ಯಂತ್ರವೂ ತಿರುಪಿನ ಕ್ರಮವೂ ಒಂದೇ ಅಂಗಡಿಯ ಕಬ್ಬಿಣದ ಪುಡಿಯ ನಡುವೆ ಬೆಳೆದವೆಂಬುದು ನೆನಪಿಡತಕ್ಕ ಸಂಗತಿ.

ಇನ್ನು ಬ್ರೌಸರಿನ ಮಾತು. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್ ಲೀ ಅವರು 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಸರ್ನ್ ಸಂಸ್ಥೆಯು ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ಮೊದಲಿಗೆ ಜಾಲದ ಪುಟಗಳು ಓದುವುದಕ್ಕೆ ಮಾತ್ರ ಇದ್ದುವು. 1995ರಲ್ಲಿ ಬ್ರೆಂಡನ್ ಐಕ್ ಅವರು ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದ ಮೇಲೆ ಪುಟವು ಲೆಕ್ಕವನ್ನೂ ಮಾಡತೊಡಗಿತು. ಇಂದು ಇಂಥ ಪುಟವೊಂದರಲ್ಲಿ ಮೂರು ಬಗೆಯ ಬರಹ ಇರುತ್ತದೆ. ಯಾವ ಮಾತು ಎಲ್ಲಿರಬೇಕು, ಅಂಕಿ ತುಂಬುವ ಚೌಕ ಎಲ್ಲಿರಬೇಕು ಎಂಬುದನ್ನು ಎಚ್‌ಟಿಎಂಎಲ್ ಹೇಳುತ್ತದೆ; ಬಣ್ಣ ಗಾತ್ರಗಳನ್ನು ಸಿಎಸ್ಎಸ್ ಹೇಳುತ್ತದೆ; ತುಂಬಿದ ಅಂಕಿಯಿಂದ ಉತ್ತರ ಪಡೆಯುವುದು ಹೇಗೆಂಬುದನ್ನು ಜಾವಾಸ್ಕ್ರಿಪ್ಟ್ ಹೇಳುತ್ತದೆ. ಮೂರೂ ಸಾಮಾನ್ಯ ಅಕ್ಷರಗಳಲ್ಲಿ ಬರೆದ ಬರಹಗಳೇ. ಕೊಂಡುತಂದು ಯಂತ್ರದೊಳಗೆ ಕೂರಿಸಬೇಕಾದುದು ಏನೂ ಇಲ್ಲ. ಅಂಗಡಿಯವನ ಕೈಯಲ್ಲಿರುವ ಫೋನಿನಲ್ಲಿ ಬ್ರೌಸರ್ ಇದ್ದೇ ಇರುತ್ತದೆ. ಲೆಕ್ಕ ನಡೆಯುವುದೂ ಎಲ್ಲೋ ದೂರದಲ್ಲಲ್ಲ, ಆ ಫೋನಿನಲ್ಲಿಯೇ.

ಈಗ ಒಂದು ನಿಜವಾದ ಲೆಕ್ಕವನ್ನು ಕೈಗೆತ್ತಿಕೊಳ್ಳಬಹುದು. ಲೇತಿನಲ್ಲಿ ಕಬ್ಬಿಣದ ಸರಳು ತಿರುಗುತ್ತಿರುತ್ತದೆ. ಹರಿತವಾದ ಟೂಲು ಅದರ ಮೈಯನ್ನು ಕೊರೆಯುತ್ತ ಪಕ್ಕಕ್ಕೆ ಸರಿಯುತ್ತದೆ. ಸರಿಸುವುದು ಯಂತ್ರದ ಉದ್ದಕ್ಕೂ ಇರುವ ಒಂದು ದೊಡ್ಡ ತಿರುಪು. ಅದಕ್ಕೆ ಲೀಡ್‌ಸ್ಕ್ರೂ ಎಂದು ಹೆಸರು. ಸರಳು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಎಷ್ಟು ಸರಿಯಿತೋ ಅದೇ ಹೊಸ ತಿರುಪಿನ ಒಂದು ಸುತ್ತಿನ ಅಂತರ, ಅಂದರೆ ಪಿಚ್. ಸರಳಿನ ಕಡೆಯಿಂದ ಲೀಡ್‌ಸ್ಕ್ರೂವಿಗೆ ಚಲನೆಯನ್ನು ಒಯ್ಯುವ ಗೇರುಗಳನ್ನು ಬದಲಿಸಿದರೆ ಪಿಚ್ ಬದಲಾಗುತ್ತದೆ. ಬೇಕಾದ ಪಿಚ್ಚನ್ನು ಲೀಡ್‌ಸ್ಕ್ರೂವಿನ ಪಿಚ್ಚಿನಿಂದ ಭಾಗಿಸಿದರೆ ಬರುವ ಭಿನ್ನರಾಶಿಯೇ ನಡೆಸುವ ಗೇರಿನ ಹಲ್ಲುಗಳಿಗೂ ನಡೆಯುವ ಗೇರಿನ ಹಲ್ಲುಗಳಿಗೂ ಇರಬೇಕಾದ ಪ್ರಮಾಣ. ನಿಯಮ ಇಷ್ಟೇ.

ತೊಡಕು ಬರುವುದು ಅಳತೆಯ ಪದ್ಧತಿಯಿಂದ. ಭಾರತವು 1956ರ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದಿತು. ಆದರೆ ಇಂಚಿನ ಲೀಡ್‌ಸ್ಕ್ರೂ ಇರುವ ಲೇತುಗಳು ಕಾನೂನು ಬಂದಿತೆಂದು ಮಾಯವಾಗಲಿಲ್ಲ. ಅಂಥವು ಇಂದಿಗೂ ದುಡಿಯುತ್ತಿವೆ. ಇಂಚಿಗೆ ನಾಲ್ಕು ಸುತ್ತುಳ್ಳ ಲೀಡ್‌ಸ್ಕ್ರೂವಿನ ಪಿಚ್ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಇಂಥ ಲೇತಿನಲ್ಲಿ 16 ಮಿಲಿಮೀಟರ್ ದಪ್ಪದ, 2 ಮಿಲಿಮೀಟರ್ ಪಿಚ್ಚಿನ ಉದ್ದ ತಿರುಪೊಂದನ್ನು ಕೊರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. 2ನ್ನು 6.35ರಿಂದ ಭಾಗಿಸಿ ಸಂಕ್ಷೇಪಿಸಿದರೆ 40/127 ಎಂದು ಬರುತ್ತದೆ. ನಡೆಸುವ ಗೇರಿಗೆ 40 ಹಲ್ಲು, ನಡೆಯುವ ಗೇರಿಗೆ 127 ಹಲ್ಲು. ಇಂಚೆಂದರೆ ಸರಿಯಾಗಿ 25.4 ಮಿಲಿಮೀಟರ್, 25.4 ಎಂದರೆ 127ರ ಐದನೆಯ ಒಂದು ಭಾಗ. 127 ಅವಿಭಾಜ್ಯ ಸಂಖ್ಯೆಯಾದುದರಿಂದ ಅದನ್ನು ಚಿಕ್ಕದಾಗಿ ಒಡೆಯುವಂತಿಲ್ಲ. ಆ ಕಾರಣದಿಂದಲೇ ಇಂಚಿನ ಲೇತಿನೊಡನೆ 127 ಹಲ್ಲಿನ ದೊಡ್ಡ ಗೇರೊಂದನ್ನು ಕೊಡುವುದುಂಟು. ಹಳೆಯ ಅಂಗಡಿಗಳಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದೂ, ಕೈಯಿಂದ ಕೈಗೆ ಎರವಲು ಹೋಗಿ ಹಿಂದಿರುಗದಿರುವುದೂ ಅದೇ ಗೇರು!

ಅದು ಇಲ್ಲದಾಗ ಮೇಸ್ತ್ರಿಗಳು ಒಂದು ಉಪಾಯವನ್ನು ಬಲ್ಲರು. 127ರ ಅರ್ಧ 63.5, ಅದರ ಬದಲು 63 ಹಲ್ಲಿನ ಗೇರು ಹಾಕಿ, ನಡೆಸುವುದಕ್ಕೆ 20 ಹಲ್ಲಿನದನ್ನು ಹಾಕುವುದು. ಆಗ ಪಿಚ್ 2 ಮಿಲಿಮೀಟರಿನ ಬದಲು 2.016ರಷ್ಟು ಬರುತ್ತದೆ. ಒಂದು ಸುತ್ತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆರೇಳು ಸುತ್ತಿನ ಸಾಮಾನ್ಯ ನಟ್ಟು ಸ್ವಲ್ಪ ಬಿಗಿಯಾದರೂ ಏರೀತು. ಆದರೆ 100 ಮಿಲಿಮೀಟರ್ ಉದ್ದಕ್ಕೆ 50 ಸುತ್ತುಗಳಾಗುವಾಗ ತಪ್ಪು ಕೂಡುತ್ತ ಹೋಗಿ ಮುಕ್ಕಾಲು ಮಿಲಿಮೀಟರನ್ನು ಮೀರುತ್ತದೆ. ಉದ್ದನೆಯ ನಟ್ಟಿನಲ್ಲಿ ಅದು ಅರ್ಧದಾರಿಗೆ ಬಂದು ಕಚ್ಚಿಕೊಳ್ಳುತ್ತದೆ. ಕಬ್ಬಿಣವೂ ಹೋಯಿತು, ದಿನವೂ ಹೋಯಿತು.

ಅಂಗಡಿಯಲ್ಲಿ 20ರಿಂದ 120ರವರೆಗೆ ಐದೈದು ಹಲ್ಲು ಹೆಚ್ಚುತ್ತ ಹೋಗುವ 21 ಗೇರುಗಳಿವೆ ಎನ್ನೋಣ. ಎರಡರ ಬದಲು ನಾಲ್ಕು ಗೇರುಗಳನ್ನು ಜೋಡಿಸಬಹುದು: ಮೊದಲನೆಯದು ಎರಡನೆಯದನ್ನು ತಿರುಗಿಸುತ್ತದೆ, ಎರಡನೆಯದರ ದಂಡದ ಮೇಲೆಯೇ ಕುಳಿತ ಮೂರನೆಯದು ಲೀಡ್‌ಸ್ಕ್ರೂವಿನ ಮೇಲಿರುವ ನಾಲ್ಕನೆಯದನ್ನು ತಿರುಗಿಸುತ್ತದೆ. 21 ಗೇರುಗಳಿಂದ ನಾಲ್ಕನ್ನು ಕ್ರಮವಾಗಿ ಆರಿಸುವ ಬಗೆಗಳು 21, 20, 19, 18 ಇವುಗಳ ಗುಣಲಬ್ಧದಷ್ಟು, ಅಂದರೆ 1,43,640. ಇವುಗಳಲ್ಲಿ 40/127ಕ್ಕೆ ಅತಿ ಸಮೀಪವಾದುದು ಯಾವುದು? ಕಾಗದದ ಮೇಲೆ ಇದನ್ನು ಹುಡುಕಹೊರಟವನ ಅಡಿಕೆ ಅಂಗಳದಲ್ಲಿಯೇ ಕೊಳೆತೀತು. ಬ್ರೌಸರಿನ ಪುಟವು ಅಷ್ಟನ್ನೂ ಒಂದೊಂದಾಗಿ ಗುಣಿಸಿ ಭಾಗಿಸಿ, ಎವೆಯಿಕ್ಕುವಷ್ಟರಲ್ಲಿ ಸಮೀಪದ ಉತ್ತರಗಳನ್ನು ಸಾಲಾಗಿ ಇಡುತ್ತದೆ. ಹಾಗೆ ಸಿಕ್ಕುವ ಒಂದು ಉತ್ತರ: ನಡೆಸುವವು 35 ಮತ್ತು 45, ನಡೆಯುವವು 100 ಮತ್ತು 50. ಪಿಚ್ 2.00025 ಮಿಲಿಮೀಟರ್. 100 ಮಿಲಿಮೀಟರ್ ಉದ್ದಕ್ಕೆ ಬರುವ ತಪ್ಪು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಕಳೆದುಹೋದ 127ರ ಗೇರಿಗಾಗಿ ಇನ್ನು ಯಾರೂ ಮರುಗಬೇಕಾಗಿಲ್ಲ.

ಇಲ್ಲಿಯವರೆಗಿನದು ಗಣಿತವನ್ನು ಬಲ್ಲ ಯಾವ ತರುಣನೂ ತನ್ನ ಕೋಣೆಯಲ್ಲಿ ಕುಳಿತು ಮಾಡಬಹುದಾದ ಕೆಲಸ. ಅವನು ಪುಟವನ್ನು ಬರೆದು, ಹೆಮ್ಮೆಯಿಂದ ಲೇತ್ ಅಂಗಡಿಗೆ ಒಯ್ದನೆಂದು ಊಹಿಸಿಕೊಳ್ಳಿ. ಮೇಸ್ತ್ರಿಯು ಫೋನನ್ನು ದೂರ ಹಿಡಿದು ನೋಡುತ್ತಾನೆ. 35, 100, 45, 50. ಒಂದು ಕ್ಷಣ ಯೋಚಿಸಿ, “ಇದು ಕೂರುವುದಿಲ್ಲ ಮಾರಾಯ. ನೂರರ ಗೇರು ಹೋಗಿ ಲೀಡ್‌ಸ್ಕ್ರೂವಿನ ದಂಡಕ್ಕೇ ಬಡಿಯುತ್ತದೆ” ಎನ್ನುತ್ತಾನೆ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೂ ಉತ್ತರ ನಿರುಪಯೋಗಿ. ಹೀಗೇಕೆ?

ಒಂದೇ ಗಾತ್ರದ ಹಲ್ಲುಗಳುಳ್ಳ ಗೇರುಗಳಲ್ಲಿ ಹಲ್ಲಿನ ಸಂಖ್ಯೆಗೆ ಅನುಗುಣವಾಗಿ ಅಗಲವೂ ಹೆಚ್ಚುತ್ತದೆ. 45ರದೂ 50ರದೂ ಒಂದಕ್ಕೊಂದು ಕಚ್ಚಿ ನಿಂತಾಗ ಅವುಗಳ ದಂಡಗಳ ನಡುವಿನ ದೂರ 95ರ ಅರ್ಧ, ಅಂದರೆ 47.5 ಮಾನ. ನಡುದಂಡದ ಮೇಲೆ 45ರ ಪಕ್ಕದಲ್ಲಿಯೇ ಕುಳಿತಿರುವ 100ರ ಗೇರಿನ ತ್ರಿಜ್ಯ 50 ಮಾನ. 47.5ರ ಎಡೆಯಲ್ಲಿ 50 ಹಿಡಿಯುವುದೆಂತು? ಮೇಸ್ತ್ರಿಯು ಇದನ್ನು ಈ ಮಾತುಗಳಲ್ಲಿ ಹೇಳಲಾರನು; ಅವನ ಕೈ ಅದನ್ನು ಬಲ್ಲದು. ಪರಿಹಾರವೂ ಅವನ ಬಳಿಯೇ ಇದೆ. ನಡೆಯುವ ಗೇರುಗಳೆರಡನ್ನೂ ಅದಲುಬದಲು ಮಾಡುವುದು: 35ರದು 50ನ್ನು ತಿರುಗಿಸಲಿ, 45ರದು 100ನ್ನು ತಿರುಗಿಸಲಿ. ಗುಣಲಬ್ಧ ಬದಲಾಗುವುದಿಲ್ಲವಾದುದರಿಂದ ಪಿಚ್ ಅದೇ. ಆದರೆ ಈಗ ದಂಡಗಳ ದೂರ 72.5 ಮಾನ, ನಡುದಂಡದ ಗೇರಿನ ತ್ರಿಜ್ಯ 25 ಮಾನ. ಗೇರುಗಳು ಸರಾಗವಾಗಿ ತಿರುಗುತ್ತವೆ.

ಪುಟ ಕಟ್ಟುವವನ ವಿದ್ಯೆಯು ಆರಂಭವಾಗುವುದು ಈ ಗಳಿಗೆಯಿಂದ ಎಂದರೆ ತಪ್ಪಾಗದು. ಅವನು ಮನೆಗೆ ಹಿಂದಿರುಗಿ, ಮೇಸ್ತ್ರಿಯ ಒಂದು ಮಾತನ್ನು ಒಂದು ಸಾಲಿನ ನಿಯಮವನ್ನಾಗಿ ಪುಟದೊಳಗೆ ಬರೆಯುತ್ತಾನೆ: ಮೂರನೆಯ ಮತ್ತು ನಾಲ್ಕನೆಯ ಗೇರುಗಳ ಹಲ್ಲುಗಳ ಮೊತ್ತವು ಎರಡನೆಯದರ ಹಲ್ಲುಗಳಿಗಿಂತ ಸಾಕಷ್ಟು ಹೆಚ್ಚಾಗಿರಬೇಕು, ಮೊದಲೆರಡರ ಮೊತ್ತವು ಮೂರನೆಯದಕ್ಕಿಂತ ಹಾಗೆಯೇ ಹೆಚ್ಚಾಗಿರಬೇಕು. ‘ಸಾಕಷ್ಟು’ ಎಂದರೆ ಎಷ್ಟು? ಅದು ದಂಡದ ದಪ್ಪವನ್ನು ಅವಲಂಬಿಸಿದೆ. ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆ. ಆದುದರಿಂದ ಅದನ್ನು ತುಂಬಲು ಒಂದು ಚೌಕವಿರಬೇಕು. ಅಂಗಡಿಯಲ್ಲಿ ನಿಜವಾಗಿ ಇರುವ ಗೇರುಗಳು ಯಾವುವೆಂದು ಗುರುತು ಹಾಕಲು ಇನ್ನೊಂದು ಪಟ್ಟಿ ಇರಬೇಕು, ಏಕೆಂದರೆ ಇಲ್ಲದ ಗೇರಿನ ಉತ್ತರವನ್ನು ಯಾರೂ ಯಂತ್ರಕ್ಕೆ ಹಾಕಲಾರರು. ಇಷ್ಟಾದ ಮೇಲೆ ಬ್ರೌಸರಿನ ಇನ್ನೊಂದು ಶಕ್ತಿ ನೆರವಿಗೆ ಬರುತ್ತದೆ. ಅದು ಚಿತ್ರವನ್ನೂ ಬರೆಯಬಲ್ಲದು. ನಾಲ್ಕು ಗೇರುಗಳನ್ನು ಸರಿಯಾದ ಪ್ರಮಾಣದಲ್ಲಿ ಪರದೆಯ ಮೇಲೆ ಬರೆದು, ಒಂದು ಅಂಕಿಯನ್ನು ಬದಲಿಸಿದೊಡನೆ ಚಿತ್ರವೂ ಬದಲಾಗುವಂತೆ ಮಾಡಿದರೆ, ಯಾವ ಗೇರು ಯಾವ ದಂಡಕ್ಕೆ ಬಡಿಯುತ್ತದೆಂಬುದನ್ನು ಅಕ್ಷರ ಓದದವನೂ ಕಾಣಬಹುದು. ಮುದ್ರಿತ ಕೋಷ್ಟಕಕ್ಕೆ ಈ ಸಾಮರ್ಥ್ಯವಿಲ್ಲ.

ಉತ್ತರವನ್ನು ಎಷ್ಟು ಸೂಕ್ಷ್ಮವಾಗಿ ಹೇಳಬೇಕೆಂಬುದರಲ್ಲಿಯೂ ವಿವೇಕ ಬೇಕು. 50 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳನ್ನು ನಿಮಿಷಕ್ಕೆ 25 ಮೀಟರ್ ಕೊರೆತದ ವೇಗದಲ್ಲಿ ಕಡೆಯಬೇಕಾದರೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು? 25,000 ಮಿಲಿಮೀಟರನ್ನು ಸರಳಿನ ಸುತ್ತಳತೆಯಿಂದ ಭಾಗಿಸಿದರಾಯಿತು. ಅವಿವೇಕದ ಪುಟವು 159.15494309 ಎಂದು ಬರೆದು ನಿಲ್ಲುತ್ತದೆ. ಹಳೆಯ ಲೇತಿನಲ್ಲಿ ಇರುವುದೇ ಆರೋ ಎಂಟೋ ವೇಗಗಳು. ಚೆನ್ನಾಗಿ ಕಟ್ಟಿದ ಪುಟವು ಆ ವೇಗಗಳನ್ನು ಮೊದಲೇ ಕೇಳಿಕೊಂಡು, 160ರ ಸುಮಾರು ಎಂದು ಹೇಳಿ, ಅದಕ್ಕಿಂತ ಕೆಳಗಿನ ವೇಗವನ್ನು ತೋರಿಸುತ್ತದೆ. ಟೂಲು ಮೊಂಡಾಗಿದೆಯೋ, ಎರಕದ ಮೇಲ್ಪದರ ಗಡುಸಾಗಿದೆಯೋ, ಸರಳು ಚಕ್ಕಿನಿಂದ ಎಷ್ಟು ಹೊರಚಾಚಿದೆಯೋ ಅದು ಕಾಣದು. ಅನುಭವಿಯು ಸದ್ದಿನಿಂದಲೇ ಇದನ್ನು ತಿಳಿಯುತ್ತಾನೆ. ಕೊಟ್ಟಿಗೆಯಲ್ಲಿ ಒಂಟಿಯಾಗಿ ಕೆಲಸ ಮಾಡುವ ಹವ್ಯಾಸಿಗೆ ಪಕ್ಕದಲ್ಲಿ ನಿಂತು ಎಚ್ಚರಿಸುವ ಗುರುವಿಲ್ಲ. ಪರದೆಯ ಮೇಲೆ ಬಂದ ಅಂಕಿಯನ್ನು ಅವನು ಶಾಸನವೆಂದು ನಂಬಿಬಿಡುತ್ತಾನೆ. ಅಪಾಯವಿರುವುದು ಅವನಿಗೇ. ಆದುದರಿಂದ ಉತ್ತರದ ಕೆಳಗೆ ಅದು ಬಂದ ದಾರಿಯನ್ನೂ ಒಂದೆರಡು ಸಾಲಿನಲ್ಲಿ ತೋರಿಸುವ ಪುಟವೇ ಮೇಲು. ಬರಿಯ ಉತ್ತರ ಕೊಡುವ ಪುಟವು ಕೆಲಸಗಾರನನ್ನು ವರ್ಷಗಟ್ಟಲೆ ತನ್ನ ಬಳಿಯೇ ನಿಲ್ಲಿಸಿಕೊಳ್ಳುತ್ತದೆ.

ಸಣ್ಣ ವ್ಯಾಪಾರದ ಲೆಕ್ಕಗಳು ಗಣಿತದ ದೃಷ್ಟಿಯಿಂದ ಇದಕ್ಕಿಂತ ಸುಲಭ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿಗೆ 4 ಇಂಚಿನ ಪುಲ್ಲಿ ಇದ್ದು, ಯಂತ್ರ 480 ಸುತ್ತು ತಿರುಗಬೇಕಾದರೆ 12 ಇಂಚಿನ ಪುಲ್ಲಿ ಬೇಕು. ಇದನ್ನು ಬಾಯಿಲೆಕ್ಕದಲ್ಲಿಯೇ ಹೇಳಬಹುದು. ಸುಲಿಯುವ ಯಂತ್ರವನ್ನು ಮನೆಮನೆಗೆ ಒಯ್ಯುವವನಿಗೆ ಬೇಕಾದುದು ತೂಕದ ಮೇಲೋ ಗಂಟೆಯ ಮೇಲೋ ಕೂಲಿ, ಮುಂಗಡದ ವಜಾ, ಒಂದು ಚೀಟಿ. ಆದರೂ ಇಲ್ಲಿ ಒಂದು ಗುಂಡಿ ಇದೆ. ಜಾವಾಸ್ಕ್ರಿಪ್ಟಿಗೆ 0.1ನ್ನೂ 0.2ನ್ನೂ ಕೂಡಿಸಲು ಹೇಳಿದರೆ ಅದು 0.30000000000000004 ಎನ್ನುತ್ತದೆ! ಅದು ಎಣಿಸುವುದು ಎರಡರ ಆಧಾರದಲ್ಲಿ. ನಮ್ಮ ದಶಮಾಂಶ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವು ಹೇಗೆ ಮುಗಿಯದೆ ಬೆಳೆಯುತ್ತದೋ ಹಾಗೆಯೇ ಅದರ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವು ಮುಗಿಯುವುದಿಲ್ಲ. ಬಲ್ಲವರು ರೂಪಾಯಿಯನ್ನು ಬಿಟ್ಟು ಪೈಸೆಯ ಪೂರ್ಣಾಂಕಗಳಲ್ಲಿಯೇ ಲೆಕ್ಕ ನಡೆಸಿ, ಕೊನೆಗೆ ನೂರರಿಂದ ಭಾಗಿಸಿ ತೋರಿಸುತ್ತಾರೆ. ಚೀಟಿಯ ಮೇಲೆ 125,000 ಎಂದಿರಬಾರದು, 1,25,000 ಎಂದಿರಬೇಕು. ಲಕ್ಷ ಕೋಟಿಗಳಲ್ಲಿ ಎಣಿಸುವ ನಾಡಿಗೆ ಒಪ್ಪುವಂತೆ ಅಲ್ಪವಿರಾಮ ಹಾಕುವ ಏರ್ಪಾಡು ಬ್ರೌಸರಿನೊಳಗೇ ಇದೆ. ಇದನ್ನು ಬಳಸದವರ ಅಲಕ್ಷ್ಯಕ್ಕೆ ಕ್ಷಮೆಯಿಲ್ಲ.

ಭಾಷೆಯ ವಿಷಯವನ್ನು ಅಲಕ್ಷಿಸುವುದು ಇನ್ನೂ ಸಾಮಾನ್ಯ. 1991ರಲ್ಲಿ ಬಂದ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕಟ್ಟು ದೊರೆಯಿತು. ಇಂದು ಯಾವ ಬ್ರೌಸರಿನಲ್ಲಿಯೂ ಕನ್ನಡ ಅಕ್ಷರ ಮೂಡುತ್ತದೆ. ಆದರೆ ಅಕ್ಷರ ಮೂಡಿದ ಮಾತ್ರಕ್ಕೆ ಪುಟವು ಕನ್ನಡದ್ದಾಗುವುದಿಲ್ಲ. ಯಾರಾದರೂ ಚೌಕದಲ್ಲಿ ೧೬ ಎಂದು ತುಂಬಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲವೆಂದು ತಳ್ಳಿಹಾಕುತ್ತದೆ. ೦ಯಿಂದ ೯ರವರೆಗಿನ ಅಂಕಿಗಳು ಸಂಕೇತದಲ್ಲಿ ಒಂದರ ಪಕ್ಕ ಒಂದು ಇರುವುದರಿಂದ, ಅವನ್ನು ಪರಿವರ್ತಿಸುವ ಕೆಲಸ ಒಂದೆರಡು ಸಾಲುಗಳದು. ಮಾಡಬೇಕೆಂಬ ಮನಸ್ಸು ಬೇಕು, ಅಷ್ಟೆ. ಇನ್ನೊಂದು ಬದಿಯಲ್ಲಿ, ಅತಿ ಉತ್ಸಾಹಿಗಳು ಗೇರನ್ನು ‘ದಂತಚಕ್ರ’ವೆಂದೂ ಬೋಲ್ಟನ್ನು ‘ಕೀಲಕ’ವೆಂದೂ ಬರೆದು ಪುಟವನ್ನು ಶೃಂಗರಿಸುವುದುಂಟು. ಲೇತ್ ಅಂಗಡಿಯಲ್ಲಿ ಗೇರು ಗೇರೇ, ಪುಲ್ಲಿ ಪುಲ್ಲಿಯೇ. ಆ ಮಾತುಗಳು ಎಂದೋ ಕನ್ನಡವಾಗಿವೆ. ಮೇಸ್ತ್ರಿಯು ತನ್ನ ಸಹಾಯಕನಿಗೆ ಯಾವ ಮಾತಿನಲ್ಲಿ ಕೂಗಿ ಹೇಳುತ್ತಾನೋ ಆ ಮಾತೇ ಪುಟದ ಗುಂಡಿಯ ಮೇಲೆ ಇರತಕ್ಕದ್ದು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳನ್ನು ಹಾದು ಜೋಗದಲ್ಲಿ ಧುಮುಕುವ ಶರಾವತಿಯು 1948ರಿಂದ ನಾಡಿಗೆ ಬೆಳಕನ್ನು ಕೊಡುತ್ತಿದ್ದಾಳೆ. ಆದರೆ ಆಷಾಢದ ಮಳೆ ಹಿಡಿದು ಆಗುಂಬೆಯಿಂದ ಹುಲಿಕಲ್ಲಿನವರೆಗೆ ಮರಗಳುರುಳತೊಡಗಿದರೆ ಅವಳ ತವರಿನಲ್ಲಿಯೇ ದೀಪವಾರುತ್ತದೆ. ದೀಪದ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಪ್ರತಿ ಲೆಕ್ಕಕ್ಕೂ ದೂರದ ಯಂತ್ರವನ್ನು ಕೇಳಿಬರುವ ಪುಟವು ಇಲ್ಲಿ ನಿಲ್ಲಲಾರದು. ಒಮ್ಮೆ ತೆರೆದ ಪುಟವನ್ನು ಬ್ರೌಸರ್ ತನ್ನಲ್ಲಿಯೇ ಉಳಿಸಿಕೊಂಡು, ಜಾಲದ ಸಂಪರ್ಕವಿಲ್ಲದೆಯೂ ನಡೆಸುವಂತೆ ಬರೆಯಲು ಸಾಧ್ಯವಿದೆ. ಗೇರುಗಳ ಪಟ್ಟಿ, ಗಿರಾಕಿಗಳ ಬಾಕಿ, ಯಂತ್ರದ ವೇಗಗಳು, ಎಲ್ಲವೂ ಆ ಫೋನಿನಲ್ಲಿಯೇ ಇರುತ್ತವೆ. ಒಬ್ಬನ ವ್ಯಾಪಾರದ ಗುಟ್ಟು ಇನ್ನೊಬ್ಬನ ಕೈಗೆ ಹೋಗುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಫೋನು ಹೊಳೆಗೆ ಬಿದ್ದರೆ, ಮಗುವೊಂದು ಆಟವಾಡುತ್ತ ಬ್ರೌಸರಿನ ದಾಖಲೆಯನ್ನು ಅಳಿಸಿದರೆ, ಅಷ್ಟೂ ಹೋಯಿತು. ಆಗಾಗ ಕಾಗದಕ್ಕೆ ಇಳಿಸಿಡುವ ಅವಕಾಶವಿಲ್ಲದ ಪುಟವನ್ನು ಅಂಗಡಿಯವನು ನಂಬದಿರುವುದೇ ಜಾಣತನ. ಗೋಡೆಯ ಮೇಲಿನ ಸೀಮೆಸುಣ್ಣದ ಬರಹವನ್ನು ಒರೆಸುವ ಆತುರ ಯಾರಿಗೂ ಬೇಡ.

ಪುಟವು ಉತ್ತರ ಹೇಳಿದ ಮೇಲೆಯೂ ಅನುಭವಿಯಾದ ಮೇಸ್ತ್ರಿಯು ಒಮ್ಮೆಲೇ ಕೊರೆಯಲು ತೊಡಗುವುದಿಲ್ಲ. 35, 50, 45, 100ರ ಗೇರುಗಳನ್ನು ಜೋಡಿಸಿ, ಹಲ್ಲುಗಳ ನಡುವೆ ಕಾಗದದ ಚೂರನ್ನಿಟ್ಟು ಬಿಗಿ ನೋಡಿ, ಚಕ್ಕನ್ನು ಒಂದೆರಡು ಸುತ್ತು ಕೈಯಿಂದಲೇ ತಿರುಗಿಸುತ್ತಾನೆ. ಅನಂತರ ಯಂತ್ರವನ್ನು ನಿಧಾನವಾಗಿ ಓಡಿಸಿ, ಟೂಲಿನ ತುದಿ ಲೋಹವನ್ನು ಸೋಕಿಯೂ ಸೋಕದಂತೆ ಒಂದು ಸಣ್ಣ ಗೀರನ್ನು ಎಳೆಯುತ್ತಾನೆ. ಯಂತ್ರವನ್ನು ನಿಲ್ಲಿಸಿ, ಸರಳಿನ ಮೇಲೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು, ಕನ್ನಡಕವನ್ನು ಸರಿಪಡಿಸಿಕೊಂಡು, ಗೀರುಗಳನ್ನು ಎಣಿಸುತ್ತಾನೆ. 100 ಮಿಲಿಮೀಟರಿಗೆ 50 ಇರಬೇಕು.